ಏಳನೆಯ ನೆಗ್ಗು

ಆರ್ಡ್‌ನಮೋನ್ ಭಟ್ಟಿ, ಐಲಾ ದ್ವೀಪ
೯ ಫೆಬ್ರವರಿ ೧೯೬೫

ಮಾನ್ಯ ಆಡಮ್ ಗೆಡ್ಡೆಸ್ ಅವರಿಗೆ,

ವಿಸ್ಕಿ ಇಳಿಸುವ ಹೊಸ ತಾಮ್ರದ ಹಂಡೆಗಾಗಿ ನಮ್ಮ ಮ್ಯಾನೇಜರ್ ರಿಚಿಯವರು ನಿಮ್ಮ ಕಾರ್ಖಾನೆಗೆ ಬರೆದಿದ್ದಾರೆ. ಅಳತೆ, ಆಕಾರದ ವಿಷಯವನ್ನು ನೀವು ನನ್ನ ಜೊತೆಗೇ ಮಾತಾಡಿಕೊಳ್ಳಬೇಕೆಂದು ಅವರ ಅಪ್ಪಣೆ. ಆ ಹಂಡೆಯ ಮುಂದೆ ಇಪ್ಪತ್ತೆಂಟು ವರ್ಷ ನಿಂತವನು ನಾನು. ಅದರಲ್ಲಿ ಹದಿನಾಲ್ಕು ವರ್ಷ ಭಟ್ಟಿಯ ಮೇಸ್ತ್ರಿಯಾಗಿ.

ಹಳೆಯದರ ತಾಮ್ರ ಸವೆದು ತೆಳ್ಳಗಾಗಿದೆ. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಭಟ್ಟಿ ನಿಲ್ಲಿಸುತ್ತೇವಲ್ಲ, ಆಗ, ಜುಲೈ ಕೊನೆಯ ಹೊತ್ತಿಗೆ, ಹೊಸದು ಇಲ್ಲಿರಬೇಕು.

ಹೊಸದು ಹಳೆಯದರ ಹಾಗೆಯೇ ಇರಬೇಕು. ಹಾಗೆಯೇ ಎಂದರೆ ನೆಗ್ಗುಗಳೂ ಸೇರಿ. ನಮ್ಮ ಹಂಡೆಗೆ ಏಳು ನೆಗ್ಗುಗಳಿವೆ. ಒಂದೊಂದರ ಉದ್ದ, ಅಗಲ, ಆಳ, ನೆಲದಿಂದ ಎಷ್ಟು ಎತ್ತರ ಎಂಬುದನ್ನು ಪಟ್ಟಿ ಮಾಡಿದ್ದೇನೆ. ಮೇಲೆ ಕಾಗದವಿಟ್ಟು ಇದ್ದಿಲಿನಿಂದ ಉಜ್ಜಿ ಅಚ್ಚನ್ನೂ ತೆಗೆದು ಲಗತ್ತಿಸಿದ್ದೇನೆ. ಮೊದಲನೆಯದು ನನ್ನ ಅಜ್ಜನ ಕಾಲದಲ್ಲಿ ಹಂಡೆಯನ್ನು ದಡಕ್ಕೆ ಇಳಿಸುವಾಗ ಬಂಡೆ ತಾಗಿ ಆದದ್ದು. ಮೂರನೆಯದು, ಬಾಗಿಲು ತೆರೆದಿದ್ದ ದಿನ ಒಳಗೆ ನುಗ್ಗಿದ ಹೋರಿಯ ಕೊಡುಗೆ. ಆರನೆಯದರವರೆಗೆ ಮಿಕ್ಕವು ಕಲ್ಲಿದ್ದಲ ಗಾಡಿಯವು. ಏಳನೆಯದನ್ನು ಊರವರು ಫಿನ್ಲೆ ನೆಗ್ಗು ಎನ್ನುತ್ತಾರೆ. ಫಿನ್ಲೆ ಎಂಬ ಕೆಲಸಗಾರ ಕುಡಿದು ಹಂಡೆಯ ಮೇಲೆ ಬಿದ್ದಾಗ ಆದದ್ದು.

ನೀವು ನಗಬಹುದು. ನಮ್ಮ ವಿಸ್ಕಿಯ ಹೊಗೆ ಬಾರ್ಲಿ ಒಣಗಿಸಲು ಉರಿಸುವ ಪೀಟ್ ಎಂಬ ಜೌಗುಮಣ್ಣಿನ ಹೆಂಟೆಗಳಿಂದ ಬರುತ್ತದೆ, ಉಪ್ಪು ಸಮುದ್ರದಿಂದ ಬರುತ್ತದೆ. ಇವೆರಡರ ಹಿಂದೆ ನಾಲಿಗೆಯ ತುದಿಗೆ ಒಂದು ಸಣ್ಣ ಸಿಹಿ ಬರುತ್ತದಲ್ಲ, ಅದು ಎಲ್ಲಿಂದ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಮುಟ್ಟಬಾರದು.

ಇಂತಿ,
ಲಾಖ್ಲನ್ ಮೆಕಾಫರ್


ಎಲ್ಗಿನ್
೨೦ ಫೆಬ್ರವರಿ ೧೯೬೫

ಮಾನ್ಯ ಮೆಕಾಫರ್ ಅವರಿಗೆ,

ನಕ್ಕೆ. ಮುಚ್ಚಿಡುವುದೇಕೆ? ನಲವತ್ತು ವರ್ಷದಿಂದ ತಾಮ್ರ ಬಡಿಯುತ್ತಿದ್ದೇನೆ. ನೆಗ್ಗು ತೆಗೆದುಕೊಡಿ ಎಂದು ಬಂದವರುಂಟು, ಹಾಕಿಕೊಡಿ ಎಂದವರು ನೀವೇ ಮೊದಲು. ಹಸೆಗೆ ಕೂರಿಸುವ ಮುನ್ನ ಮದುಮಗಳ ಕೆನ್ನೆ ಗೀರಿಬಿಡಿ ಅಂದಹಾಗಾಯಿತು.

ನನ್ನನ್ನು ಕೇಳಿದರೆ ರುಚಿ ಇರುವುದು ಹಂಡೆಯ ಕತ್ತಿನಲ್ಲಿ. ನಮ್ಮ ಸ್ಪೇ ನದಿಯ ಕಡೆ ಕತ್ತು ಉದ್ದ. ಭಾರದ ಆವಿ ಹತ್ತಲಾರದೆ ದಣಿದು ವಾಪಸು ಬೀಳುತ್ತದೆ, ಹಗುರವಾದದ್ದು ಮಾತ್ರ ಆಚೆ ಬರುತ್ತದೆ. ಅದಕ್ಕೇ ನಮ್ಮದರಲ್ಲಿ ಪೇರ್ ಹಣ್ಣು, ಜೇನು, ಶೆರಿ ಪೀಪಾಯಿಯ ಒಣದ್ರಾಕ್ಷಿ. ದಕ್ಷಿಣದ ಬಯಲುಸೀಮೆಯವರು ಮೂರು ಮೂರು ಸಲ ಇಳಿಸಿ ಹಸಿ ಹುಲ್ಲಿನ ವಾಸನೆಯೊಂದನ್ನು ಉಳಿಸಿಕೊಳ್ಳುತ್ತಾರೆ. ಅದು ಬೆಳಗಿನ ತಿಂಡಿಗೆ ಮೊದಲು ಕುಡಿಯುವಂಥದ್ದು. ಕ್ಯಾಂಬೆಲ್‌ಟೌನಿನವರದು ಎಣ್ಣೆ ಎಣ್ಣೆ, ಹಡಗಿನ ಹಗ್ಗ ಜಗಿದ ಹಾಗೆ. ಇನ್ನು ನಿಮ್ಮದು! ಗಿಡ್ಡ ಕತ್ತು, ದಪ್ಪ ಹೊಟ್ಟೆ. ಒಳಗಿದ್ದದ್ದೆಲ್ಲ ನೂಕುನುಗ್ಗಲಿನಲ್ಲಿ ಮೇಲೆ ಬರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು, ಬಿಡಿ.

ಏಳೂ ನೆಗ್ಗು ಹಾಕಿಕೊಡುತ್ತೇನೆ. ನಿಮ್ಮ ಪಟ್ಟಿಯನ್ನು, ಕಾಗದದ ಜೊತೆಗೇ, ಕಾರ್ಖಾನೆಯ ಗೋಡೆಗೆ ಅಂಟಿಸಿದ್ದೇನೆ. ಆಳುಗಳು ಹೋರಿಯ ಕಥೆ ಓದಿ ನಗುತ್ತಾರೆ. ಒಬ್ಬ ಮಾತ್ರ ಎರಡು ಸಲ ಓದಿ ಸುಮ್ಮನೆ ಕೆಲಸಕ್ಕೆ ಹೋದ.

ಜೊತೆಗೆ ನಮ್ಮ ಕಡೆಯ ಒಂದು ಸೀಸೆ ಇದೆ. ಕುಡಿದು ಬರೆಯಿರಿ. ಅಂದಹಾಗೆ, ಮೆಕಾಫರ್ ಎಂಬ ಹೆಸರು ನಿಮ್ಮ ದ್ವೀಪದಲ್ಲಿ ಬಹಳವೇ?

ಆಡಮ್ ಗೆಡ್ಡೆಸ್


ಆರ್ಡ್‌ನಮೋನ್
೬ ಮಾರ್ಚ್ ೧೯೬೫

ಗೆಡ್ಡೆಸ್ ಅವರಿಗೆ,

ಸೀಸೆ ತಲುಪಿತು. ಮಕ್ಕಳಿಗೆ ಕೆಮ್ಮು ಬಂದಾಗ ಜೇನಿನಲ್ಲಿ ಕಲಸಿ ನೆಕ್ಕಿಸಲು ಬಹಳ ಚೆನ್ನಾಗಿದೆ. ನನ್ನ ಹೆಂಡತಿ ಮೊರಾಗ್‌ಗೆ ಹಿಡಿಸಿತು, ಆದ್ದರಿಂದ ಅರ್ಧ ಸೀಸೆ ನನ್ನ ಕಣ್ಣಿಗೆ ಬೀಳಲಿಲ್ಲ. ಬದಲಿಗೆ ನಮ್ಮದೊಂದು ಕಳಿಸಿದ್ದೇನೆ. ಮೊದಲ ಗುಟುಕಿಗೆ ಬೈಯುತ್ತೀರಿ. ಮೂರನೆಯದಕ್ಕೆ ಸುಮ್ಮನಾಗುತ್ತೀರಿ.

ಮೆಕಾಫರ್ ಹೆಸರು ಇಲ್ಲಿ ಕಲ್ಲು ಎಸೆದ ಕಡೆ ಸಿಗುತ್ತದೆ.

ಹಳೆಯ ಹಂಡೆ ಇಳಿಯುತ್ತದೆಂದು ಊರಿಗೆಲ್ಲ ಸಡಗರ. ಪೀಪಾಯಿ ಕಟ್ಟುವ ಡೂಗಿ ದಿನಕ್ಕೊಂದು ಸಲ ಭಟ್ಟಿಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. "ಏನೋ ಲಾಖ್ಲನ್, ಫಿನ್ಲೆ ನೆಗ್ಗು ಬರ್ದಿದೀಯ ತಾನೇ? ಅದನ್ ಬಿಟ್ಟು ಮಿಕ್ಕಿದ್ದೆಲ್ಲಾ ಹಾಕ್ಸಿದ್ರೆ ಏನ್ ಬಂತು? ನಮ್ ವಿಸ್ಕೀಲಿ ಇರೋ ಸಿಹೀನೇ ಅವನ ತಲೆಬುರುಡೆದು ಕಣಯ್ಯ!" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಗುವುದಕ್ಕೆ ಕಾರಣ, ಫಿನ್ಲೆ ಕುಡಿಯುತ್ತಲೇ ಇರಲಿಲ್ಲ. ದಿನಕ್ಕೆ ಮೂರು ಸಲ ಮ್ಯಾನೇಜರ್ ಕೆಲಸಗಾರರಿಗೆ ಕೊಡುವ ವಿಸ್ಕಿಯ ಪಾಲನ್ನೂ ಪಕ್ಕದವನಿಗೆ ದಾಟಿಸುತ್ತಿದ್ದ. ಜನ್ಮದಲ್ಲಿ ಒಂದೇ ದಿನ ಕುಡಿದ, ಆ ದಿನವೇ ಹಂಡೆಗೆ ಡಿಕ್ಕಿ ಹೊಡೆದ ಎಂಬುದು ಊರಿನ ತಮಾಷೆ.

ಒಂದು ಮಾತು. ಇದನ್ನು ರಿಚಿಯವರಿಗೆ ಹೇಳಬೇಡಿ. ಸಾಧ್ಯವಾದರೆ ಏಳನೆಯದನ್ನು ಬಿಟ್ಟುಬಿಡಿ. ಮರೆತು ಹೋಯಿತು ಅನ್ನಿ, ತಾಮ್ರ ಒಡೆಯುತ್ತಿತ್ತು ಅನ್ನಿ, ಏನಾದರೂ ಅನ್ನಿ. ಉತ್ತರವನ್ನು ಭಟ್ಟಿಗೆ ಬರೆಯದೆ ನನ್ನ ಮನೆಯ ವಿಳಾಸಕ್ಕೆ ಬರೆಯಿರಿ.

ಲಾ. ಮೆಕಾಫರ್


ಎಲ್ಗಿನ್
೧೯ ಮಾರ್ಚ್ ೧೯೬೫

ಮೆಕಾಫರ್ ಅವರಿಗೆ,

ನಿಮ್ಮ ಸೀಸೆಯ ಬಿರಡೆ ತೆಗೆದದ್ದೇ ತಡ, ನನ್ನ ಹೆಂಡತಿ ಎಲ್ಸಿ ಅಡುಗೆಮನೆಯಿಂದ ಓಡಿಬಂದಳು. "ಯಾರಿಗ್ರೀ ಗಾಯ ಆಗಿದ್ದು? ಮನೆಯೆಲ್ಲಾ ಟಿಂಚರ್ ವಾಸ್ನೆ!" ಮೊದಲ ಗುಟುಕಿಗೆ ಬೈದೆ. ಎರಡನೆಯದಕ್ಕೂ ಬೈದೆ. ಮೂರನೆಯದರಲ್ಲಿ ನೀವು ಹೇಳಿದ ಸಿಹಿ ಸಿಕ್ಕಿತು. ಒಪ್ಪಿಕೊಂಡೆ.

ಈಗ ಕೆಲಸದ ಮಾತು. ಆರು ನೆಗ್ಗಿಗೆ ಪ್ರಾಣ ಬಿಡುವ ಮನುಷ್ಯ ಏಳನೆಯದು ಬೇಡ ಎನ್ನುತ್ತಾನೆ. ರುಚಿ ನೆಗ್ಗಿನಲ್ಲಿದೆ ಎಂದು ನಂಬಿದವನೇ ಆ ರುಚಿಯನ್ನು ಕಳೆದುಕೊಳ್ಳಲು ತಯಾರಾಗಿದ್ದಾನೆ. ಯಾಕೆ ಎಂದು ನಾನು ಯೋಚಿಸಿದೆ. ನೀವು ಕಳಿಸಿದ ಇದ್ದಿಲಿನ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.

ಕೇಳಿ. ತಾಮ್ರದ ಮೇಲಿನ ಗುರುತು ಓದುವುದು ನನ್ನ ಹೊಟ್ಟೆಪಾಡು. ಮನುಷ್ಯ ಬಿದ್ದರೆ ಭುಜವೋ ಬೆನ್ನೋ ತಾಗಿ ತಟ್ಟೆಯಂಥ ನೆಗ್ಗು ಆಗುತ್ತದೆ, ಅದೂ ಸೊಂಟದಿಂದ ಕೆಳಗೆ. ಇದು ನೆಲದಿಂದ ಐದಡಿ ಏಳು ಅಂಗುಲದ ಮೇಲಿದೆ. ಒಂದು ತುದಿ ಚೂಪು, ಇನ್ನೊಂದು ತುದಿಗೆ ತೇಲಿಹೋಗಿದೆ. ಇದು ಕಬ್ಬಿಣದ ಅಂಚು, ಸಲಿಕೆಯದೇ ಇರಬೇಕು, ದೂರದಿಂದ ಬಂದು ಹೊಡೆದದ್ದು. ಬೀಳುವವನು ಮೇಲಕ್ಕೆ ಬೀಳುವುದಿಲ್ಲ, ಮೆಕಾಫರ್. ಇದು ಬಿದ್ದು ಆದದ್ದಲ್ಲ. ಎಸೆದು ಆದದ್ದು.

ಯಾರು ಎಸೆದರು, ಯಾರ ಮೇಲೆ?

ಗೆಡ್ಡೆಸ್


ಆರ್ಡ್‌ನಮೋನ್
೨೭ ಮಾರ್ಚ್ ೧೯೬೫

ಶ್ರೀ ಗೆಡ್ಡೆಸ್ ಅವರಿಗೆ,

ನಿಮಗೆ ಹಂಡೆ ಮಾಡಲು ಹೇಳಿದ್ದೇವೆ. ವಿಚಾರಣೆ ಮಾಡಲು ಹೇಳಿಲ್ಲ. ಪಟ್ಟಿಯಲ್ಲಿರುವ ಏಳೂ ನೆಗ್ಗುಗಳನ್ನು ಹಾಕಿ ಕಳಿಸಿ. ನನ್ನ ಹಿಂದಿನ ಕೋರಿಕೆಯನ್ನು ವಾಪಸು ತೆಗೆದುಕೊಂಡಿದ್ದೇನೆ. ಇನ್ನು ಮುಂದೆ ಅಳತೆಯ ವಿಷಯ ಬಿಟ್ಟು ಬೇರೇನೂ ಬರೆಯುವ ಅಗತ್ಯವಿಲ್ಲ.

ಲಾ. ಮೆಕಾಫರ್


ಎಲ್ಗಿನ್
೩ ಮೇ ೧೯೬೫

ಮೆಕಾಫರ್ ಅವರಿಗೆ,

ಐದು ವಾರ ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ ಎಂದು ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು.

ಹೊಟ್ಟೆ, ಭುಜ, ಕತ್ತು ಮೂರೂ ಸಿದ್ಧವಾಗಿವೆ. ಮೊನ್ನೆ ನೆಗ್ಗು ಹಾಕಲು ಶುರು ಮಾಡಿದೆವು. ನನ್ನ ಕಾರ್ಖಾನೆಯಲ್ಲಿ ಸುತ್ತಿಗೆ ಹಿಡಿಯುವವರಲ್ಲಿ ಎಲ್ಲರಿಗಿಂತ ಒಳ್ಳೆಯ ಕೈ ಒಬ್ಬನದಿದೆ. ಆರನ್ನೂ ಅವನೇ ಹಾಕಿದ, ನಿಮ್ಮ ಅಚ್ಚಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಏಳನೆಯದಕ್ಕೆ ಬಂದಾಗ ಸುತ್ತಿಗೆ ಕೆಳಗಿಟ್ಟು ಅಂದ: "ಇದನ್ನ ನಾನ್ ಹಾಕಲ್ಲ ಸ್ವಾಮಿ. ಬೇರೆ ಯಾರಾದ್ರೂ ಹಾಕ್ಲಿ."

ಅವನ ಹೆಸರು ಫಿನ್ಲೆ ಮೆಕಾಫರ್.

ನಿಮ್ಮ ಮೊದಲ ಕಾಗದದ ಕೆಳಗಿನ ಹೆಸರು ನೋಡಿದಾಗಲೇ ನನಗೆ ಅನುಮಾನ ಬಂದಿತ್ತು. ನಿಮಗೆ ಹೇಳದೆ ಇದ್ದದ್ದು ನನ್ನ ತಪ್ಪು. ಪಟ್ಟಿಯನ್ನು ಗೋಡೆಗೆ ಅಂಟಿಸುವ ಮುನ್ನ ಒಂದು ಗಳಿಗೆ ಯೋಚಿಸದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ತನ್ನ ಹೆಸರಿನಲ್ಲಿ ಊರಲ್ಲೊಂದು ನೆಗ್ಗು ಇದೆ, ಹದಿನಾಲ್ಕು ವರ್ಷದಿಂದ ಜನ ಅದನ್ನು ತೋರಿಸಿ ನಗುತ್ತಿದ್ದಾರೆ ಎಂದು ಅವನಿಗೆ ಗೊತ್ತಾದದ್ದು ಆ ಗೋಡೆಯಿಂದ.

ಅವನು ನನ್ನ ಬಳಿ ಬಂದದ್ದು ಐವತ್ತೊಂದರ ಬೇಸಿಗೆಯಲ್ಲಿ. ಇಷ್ಟು ವರ್ಷದಲ್ಲಿ ಒಂದು ತೊಟ್ಟು ಕುಡಿದದ್ದನ್ನು ನಾನು ಕಂಡಿಲ್ಲ. ಮದುವೆಯಾಗಿದೆ. ಒಬ್ಬಳು ಮಗಳಿದ್ದಾಳೆ. ಊರಿನ ಸುದ್ದಿ ಒಮ್ಮೆಯೂ ಎತ್ತಿದವನಲ್ಲ. ನಿಮಗೆ ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. "ನಿಮ್ಮಿಷ್ಟ" ಅಂದ. ಬಾಗಿಲವರೆಗೆ ಹೋಗಿ ತಿರುಗಿ ಬಂದು ಒಂದೇ ಮಾತು ಕೇಳಿದ. "ಅಮ್ಮ ಇದಾಳಾ ಅಂತ ಕೇಳಿ."

ಅದಕ್ಕಾದರೂ ಉತ್ತರ ಬರೆಯಿರಿ.

ಆಡಮ್ ಗೆಡ್ಡೆಸ್


ಆರ್ಡ್‌ನಮೋನ್
೧೨ ಮೇ ೧೯೬೫

ಗೆಡ್ಡೆಸ್ ಅವರೇ,

ಅಮ್ಮ ಇಲ್ಲ. ಐವತ್ತೇಳರ ನವೆಂಬರಿನಲ್ಲಿ ಹೋದಳು. ಅವನು ಕೆನಡಾಕ್ಕೆ ಹೋದ ಎಂದು ಯಾರೋ ಅಂದಿದ್ದರು, ನಾವು ಅದನ್ನೇ ನಂಬಿದೆವು. ನಂಬಿದೆವು ಎನ್ನುವುದೂ ಸುಳ್ಳು. ಹುಡುಕದೆ ಇರಲು ನನಗೆ ಅದೊಂದು ನೆಪವಾಯಿತು.

ನಾಲ್ಕು ದಿನದಿಂದ ಈ ಕಾಗದ ಬರೆದು ಹರಿದು ಹಾಕುತ್ತಿದ್ದೇನೆ. ಇವತ್ತು ಹರಿಯುವುದಿಲ್ಲ.

ಐವತ್ತೊಂದರ ಏಪ್ರಿಲ್. ನಾನು ಮೇಸ್ತ್ರಿಯಾಗಿ ಮೂರು ವಾರವಾಗಿತ್ತು. ಆ ಕೆಲಸದ ಜೊತೆಗೇ ಈ ಮನೆ ಸಿಕ್ಕಿತ್ತು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಎರಡು ಸಣ್ಣ ಮಕ್ಕಳು. ನನ್ನ ತಮ್ಮ ಫಿನ್ಲೆ ನನ್ನ ಕೈಕೆಳಗೆ ಬೆಂಕಿ ನೋಡಿಕೊಳ್ಳುತ್ತಿದ್ದ. ನಿಮಗೆ ಗೊತ್ತಿರುವ ಹಾಗೆ ಹಂಡೆಯಿಂದ ಇಳಿಯುವುದರಲ್ಲಿ ತಲೆ, ಎದೆ, ಬಾಲ ಎಂದು ಮೂರು ಭಾಗ. ಎದೆಯನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ಎದೆ ಮುಗಿದು ಬಾಲ ಶುರುವಾಗುವ ಗಳಿಗೆಗೆ ಸರಿಯಾಗಿ ಕೊಳವೆಯ ಹಿಡಿ ತಿರುಗಿಸಬೇಕು. ತಡವಾದರೆ ಒದ್ದೆ ನಾಯಿಯ ವಾಸನೆ ತೊಟ್ಟಿಗೆಲ್ಲ ಹತ್ತುತ್ತದೆ. ಆ ಹಿಡಿಯನ್ನು ಮೇಸ್ತ್ರಿಯ ಹೊರತು ಇನ್ನೊಬ್ಬರು ಮುಟ್ಟುವಂತಿಲ್ಲ.

ಆ ಮಧ್ಯಾಹ್ನ ನಮ್ಮ ಹಸು ಕರು ಹಾಕಲು ಒದ್ದಾಡುತ್ತಿತ್ತು. ಹತ್ತು ನಿಮಿಷ ಎಂದು ಮನೆಗೆ ಹೋದೆ. ಮುಕ್ಕಾಲು ಗಂಟೆಯಾಯಿತು. ವಾಪಸು ಬಂದಾಗ ಬಾಲ ಇಳಿದು ಇಳಿದು ತೊಟ್ಟಿ ಕೆಟ್ಟಿತ್ತು. ಫಿನ್ಲೆ ಹಂಡೆಗೆ ಬೆನ್ನು ಕೊಟ್ಟು ನಿಂತಿದ್ದ. "ಅಣ್ಣಾ, ಪೂರ್ತಿ ಸೇರ್ಕೊಂಡ್ಬಿಟ್ಟಿದೆ. ಮ್ಯಾನೇಜರ್‌ಗೆ ಹೇಳೋಣ, ತೊಟ್ಟೀನ ಮತ್ತೆ ಹಂಡೆಗೆ ಹಾಕಿ ಇಳಿಸೋಣ. ಒಂದಿನದ ಕೆಲ್ಸ ಅಷ್ಟೆ" ಅಂದ. ಮೆಲ್ಲಗೇ ಅಂದ. ಅವನ ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದರಿಂದಲೇ ನನಗೆ ಮೈ ಉರಿಯಿತು. "ಹೇಳ್ತೀಯಾ? ಹೇಳ್ತೀಯೇನೋ?" ಎಂದು ಕೈಗೆ ಸಿಕ್ಕ ಸಲಿಕೆ ಎಸೆದೆ. ಹೆದರಿಸಲು ಎಸೆದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಅವನ ತಲೆಗೇ ಎಸೆದೆ. ಅವನು ಕತ್ತು ವಾಲಿಸದಿದ್ದರೆ ನಾನು ಇವತ್ತು ನಿಮಗೆ ಕಾಗದ ಬರೆಯುತ್ತಿರಲಿಲ್ಲ.

ಸದ್ದಿಗೆ ಆಗಿನ ಮ್ಯಾನೇಜರ್ ಓಡಿಬಂದರು. "ಏನಾಯ್ತು?" ನನ್ನ ಬಾಯಿಂದ ತಾನೇ ಬಂತು: "ಫಿನ್ಲೆ ಕುಡ್ದಿದಾನೆ. ಹಂಡೆ ಮೇಲೆ ಬಿದ್ದ. ಅವನನ್ನ ಹಿಡಿಯೋಕೆ ಹೋಗಿ ಕೊಳವೆ ತಿರ್ಗಿಸೋದು ತಡ ಆಯ್ತು." ಒಂದೇ ಸುಳ್ಳಿನಲ್ಲಿ ಎರಡೂ ತಪ್ಪು ಮುಚ್ಚಿಹೋದವು. ಮ್ಯಾನೇಜರ್ ಫಿನ್ಲೆಯ ಕಡೆ ತಿರುಗಿದರು. ಅವನು ನನ್ನನ್ನು ನೋಡಿದ. ಆಮೇಲೆ ಕಿಟಕಿಯಾಚೆ ನಮ್ಮ ಮನೆ ಕಾಣುತ್ತದಲ್ಲ, ಅದನ್ನು ನೋಡಿದ. ಬಾಯಿ ಬಿಡಲಿಲ್ಲ. ಅಲ್ಲೇ ಅವನ ಕೆಲಸ ಹೋಯಿತು, ಅಂದೇ ಸಂಜೆಯ ಹಡಗಿಗೆ ಹೊರಟುಹೋದ.

ಅಮ್ಮ ಸಾಯುವ ವಾರ ನನ್ನ ಕೈ ಹಿಡಿದು, "ಅವನು ಸಿಕ್ಕಿದ್ರೆ ಕುಡಿಯೋದು ಬಿಡು ಅಂತ ಹೇಳೋ ಲಾಖ್ಲನ್" ಅಂದಳು. ಆಗಲಿ ಅಮ್ಮ ಎಂದೆ. ಅವಳ ಮುಂದೆಯೂ ನಿಜ ಹೇಳಲಿಲ್ಲ. ಇದಕ್ಕಿಂತ ನೀಚತನ ನನ್ನಲ್ಲಿ ಬೇರೆ ಏನಿದೆಯೋ ನನಗೆ ಗೊತ್ತಿಲ್ಲ.

ಅದಕ್ಕೇ ಏಳನೆಯದು ಬೇಡ ಎಂದೆ. ಹಳೆಯ ಹಂಡೆ ಹೋದರೆ ಅದೂ ಹೋಗುತ್ತದೆ ಎಂದುಕೊಂಡಿದ್ದೆ. ಈ ಕಾಗದವನ್ನು ಅವನಿಗೆ ಕೊಡಿ.

ಲಾಖ್ಲನ್


ಎಲ್ಗಿನ್
೨೯ ಮೇ ೧೯೬೫

ಲಾಖ್ಲನ್ ಅವರೇ,

ಕೊಟ್ಟೆ. ಕುಲುಮೆಯ ಪಕ್ಕ ನಿಂತು ಓದಿದ. ಮಡಿಸಿ ಜೇಬಿಗಿಟ್ಟ. ಸಂಜೆಯವರೆಗೆ ಕೆಲಸ ಮಾಡಿದ. ನಾನು ಏನು ಮಾತಾಡಬೇಕೆಂದು ತಿಳಿಯದೆ ಅಲ್ಲೇ ಸುಳಿದಾಡುತ್ತಿದ್ದೆ. ಕೊನೆಗೆ, "ಕಾಲಿಗೆ ಸಿಗ್ಬೇಡಿ ಸ್ವಾಮಿ" ಎಂದು ನನ್ನನ್ನೇ ಗದರಿದ. ತಾಯಿಯ ಸುದ್ದಿಗೆ ಎರಡು ದಿನ ರಜೆ ಹಾಕಿದ.

ವಾಪಸು ಬಂದ ದಿನ ಹೇಳಿದ: "ನನಗೆ ಹೇಳಿದ್ದಾಯ್ತು. ನನಗೆ ಮೊದ್ಲೇ ಗೊತ್ತಿತ್ತಲ್ಲ, ನಾನೇ ಅಲ್ವಾ ಅಲ್ಲಿ ನಿಂತಿದ್ದು? ಊರಿಗೆ ಹೇಳಿದ್ನಾ ಕೇಳಿ."

ಇದಕ್ಕೆ ನಾನೇನೂ ಸೇರಿಸುವುದಿಲ್ಲ. ಹೇಳಿದರೆ ನಿಮಗೆ ಏನೇನು ಹೋಗುತ್ತದೆ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ನಿವೃತ್ತಿಗೆ ನಿಮಗೆ ಇನ್ನೆಷ್ಟು ವರ್ಷ? ಎರಡೋ, ಮೂರೋ?

ಜುಲೈನಲ್ಲಿ ಹಂಡೆಯನ್ನು ಆರು ನೆಗ್ಗಿನೊಡನೆ ಕಳಿಸುತ್ತೇನೆ. ಏಳನೆಯ ಜಾಗ ನುಣ್ಣಗಿದೆ. ಜೋಡಿಸಿಕೊಡಲು ಫಿನ್ಲೆ ಬರುತ್ತಾನೆ. ಅವನೇ ಕೇಳಿಕೊಂಡ. ಉಳಿದದ್ದು ನಿಮ್ಮಿಬ್ಬರಿಗೆ ಬಿಟ್ಟದ್ದು.

ಆಡಮ್ ಗೆಡ್ಡೆಸ್


ಆರ್ಡ್‌ನಮೋನ್
೧೫ ಜೂನ್ ೧೯೬೫

ಆಡಮ್ ಅವರೇ,

ಬೇರೆ ಯಾರನ್ನಾದರೂ ಕಳಿಸಲು ಆಗುವುದಿಲ್ಲವೇ? ಎಲ್ಲರೆದುರು ನನ್ನ ಮರ್ಯಾದೆ ತೆಗೆಯಲು ಬರುತ್ತಿದ್ದಾನೆ ಎಂದು ಕಾಣುತ್ತದೆ. ತೆಗೆಯುವ ಹಕ್ಕು ಅವನಿಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ನನಗೆ ಸ್ವಲ್ಪ ಸಮಯ ಬೇಕು. ಮುಂದಿನ ವರ್ಷ ನಾನೇ ಎಲ್ಗಿನ್‌ಗೆ ಬಂದು ಅವನ ಕಾಲು ಹಿಡಿಯುತ್ತೇನೆ. ಮೊರಾಗ್‌ಗೂ ಇನ್ನೂ ಹೇಳಿಲ್ಲ. ದಯವಿಟ್ಟು ಈ ಸಲ ಬೇರೆಯವರನ್ನು ಕಳಿಸಿ.

ಲಾಖ್ಲನ್


ಎಲ್ಗಿನ್
೨೩ ಜುಲೈ ೧೯೬೫

ಲಾಖ್ಲನ್,

ಹಂಡೆ ನಿನ್ನೆ ಗ್ಲಾಸ್ಗೋದಲ್ಲಿ ಹಡಗು ಹತ್ತಿದೆ. ಅವನೂ ಹತ್ತಿದ್ದಾನೆ. ನಿಮ್ಮ ಕಾಗದವನ್ನು ಅವನಿಗೆ ತೋರಿಸಲಿಲ್ಲ. ತೋರಿಸಿದ್ದರೆ ಹೋಗುತ್ತಿರಲಿಲ್ಲ, ಆಮೇಲೆ ಎಂದೂ ಹೋಗುತ್ತಿರಲಿಲ್ಲ.

ಅವನ ಹೆಂಡತಿ ಹೊಸ ಅಂಗಿ ಹೊಲಿದುಕೊಟ್ಟಿದ್ದಾಳೆ. ಮರ್ಯಾದೆ ತೆಗೆಯಲು ಹೋಗುವವನು ಹೊಸ ಅಂಗಿ ಹೊಲಿಸಿಕೊಳ್ಳುತ್ತಾನೆಯೇ, ನೀವೇ ಯೋಚಿಸಿ.

ಆಡಮ್


ಆರ್ಡ್‌ನಮೋನ್
೮ ಆಗಸ್ಟ್ ೧೯೬೫

ಪ್ರಿಯ ಆಡಮ್,

ಮಧ್ಯಾಹ್ನದ ಭರತಕ್ಕೆ ಹಡಗು ಬಂತು. ಹಂಡೆಯನ್ನು ದಿಮ್ಮಿಗಳ ಮೇಲೆ ಉರುಳಿಸಿ ಮೇಲೆ ತರಲು ಊರಿನ ಇಪ್ಪತ್ತು ಗಂಡಸರು ಸೇರಿದ್ದೆವು. ಫಿನ್ಲೆ ದಡಕ್ಕೆ ಇಳಿದವನೇ ಆಡಿದ ಮೊದಲ ಮಾತು, "ಹಗ್ಗ ಸಡಿಲ ಬಿಡ್ಬೇಡಿ." ತಲೆ ಪೂರ್ತಿ ನರೆತಿದೆ. ಅಪ್ಪನ ನಡಿಗೆ ಬಂದುಬಿಟ್ಟಿದೆ. ನಾನು ಹಗ್ಗದ ಇನ್ನೊಂದು ತುದಿಯಲ್ಲಿದ್ದೆ.

ನಾಲ್ಕು ದಿನ ಜೋಡಿಸುವ ಕೆಲಸ. ಅದರ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. "ಆ ಮೊಳೆ ಕೊಡು." "ಸ್ವಲ್ಪ ಎತ್ತು." "ಸಾಕು." ಮನೆಗೆ ಕರೆದೆ, ಹಡಗಿನಲ್ಲೇ ಮಲಗುತ್ತೇನೆ ಎಂದ. ಊರವರು ಅವನ ಬೆನ್ನು ತಟ್ಟಿ ನಗುತ್ತಿದ್ದರು. ಅವನೂ ತುಟಿ ಸರಿಸುತ್ತಿದ್ದ. ನನಗೆ ನೋಡಲಾಗುತ್ತಿರಲಿಲ್ಲ.

ಐದನೆಯ ದಿನ ರಿಚಿಯವರು ಪಟ್ಟಿ ಹಿಡಿದು ಬಂದರು. ಹಿಂದೆ ಅರ್ಧ ಊರು. ಒಂದು, ಎರಡು ಎಂದು ಎಣಿಸಿ ಆರಕ್ಕೆ ನಿಂತರು. "ಏಳನೇದು ಎಲ್ಲಿ?"

ಡೂಗಿ ಕಾದಿದ್ದವನ ಹಾಗೆ ಕೂಗಿದ. "ಅಯ್ಯೋ, ಫಿನ್ಲೆ ನೆಗ್ಗೇ ಇಲ್ವಲ್ರಪ್ಪಾ! ಚಿಂತೆ ಬೇಡಿ ಸಾರ್, ಆಸಾಮಿನೇ ಬಂದಿದಾನೆ. ಒಂದ್ ಗ್ಲಾಸ್ ಹಾಕ್ಸಿ, ಈಗ್ಲೇ ಡಿಕ್ಕಿ ಹೊಡೀತಾನೆ!"

ಭಟ್ಟಿಮನೆ ತುಂಬ ನಗು. ಫಿನ್ಲೆ ನಗಲಿಲ್ಲ. ನನ್ನನ್ನೂ ನೋಡಲಿಲ್ಲ, ಆಡಮ್. ನೆಲ ನೋಡುತ್ತ ನಿಂತಿದ್ದ. ನೋಡಿದ್ದರೆ ನಾನು ಹೇಳುತ್ತಿರಲಿಲ್ಲವೇನೋ. ಈ ಸಲವೂ ನಾನು ಸುಮ್ಮನಿದ್ದರೆ ಅವನೂ ಸುಮ್ಮನಿದ್ದು ಹೊರಟುಹೋಗುತ್ತಾನೆ ಎಂದು ನನಗೆ ಆಗ ಖಚಿತವಾಯಿತು.

"ಅವನು ಕುಡ್ದಿರ್ಲಿಲ್ಲ" ಅಂದೆ. ಯಾರಿಗೂ ಕೇಳಿಸಲಿಲ್ಲ. ಜೋರಾಗಿ ಅಂದೆ. "ಫಿನ್ಲೆ ಅವತ್ತು ಕುಡ್ದಿರ್ಲಿಲ್ಲ. ಬೀಳಲೂ ಇಲ್ಲ. ತೊಟ್ಟಿ ಕೆಡಿಸಿದ್ದು ನಾನು. ಅದನ್ನ ಅವನು ಹೇಳ್ದ. ಅದಕ್ಕೆ ಅವನ ತಲೆಗೆ ಸಲಿಕೆ ಎಸ್ದೆ. ಆಮೇಲೆ ಸುಳ್ಳು ಹೇಳಿ ಅವನ ಕೆಲ್ಸ ತೆಗ್ಸಿದೆ. ಈ ಮನೆ, ಈ ಮೇಸ್ತ್ರಿಗಿರಿ, ಎಲ್ಲಾ ಆ ಸುಳ್ಳಿಂದ ಉಳೀತು."

ಹದಿನಾಲ್ಕು ವರ್ಷ ಊರನ್ನು ನಗಿಸಿದ ಡೂಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಾಗಿಲ ಹತ್ತಿರ ಮೊರಾಗ್ ಇದ್ದಳು. "ಇದನ್ನ ನಿಮ್ಮಮ್ಮನ ಮುಂದೆ ಹೇಳ್ಬೇಕಾಗಿತ್ತು ರೀ" ಎಂದು ಹೇಳಿ ಹೊರಗೆ ಹೋದಳು. ಕೊನೆಗೆ ರಿಚಿಯವರು, ಪಾಪ, ಕೈಯಲ್ಲಿದ್ದ ಪಟ್ಟಿ ನೋಡಿ, "ಹಂಗಾದ್ರೆ ಏಳನೇದು ಬೇಕೋ ಬೇಡ್ವೋ?" ಎಂದು ಕೇಳಿದರು.

"ಬೇಕು" ಅಂದ ಫಿನ್ಲೆ.

ರಿಚಿಯವರು ಪಟ್ಟಿ ಚಾಚಿದರು. "ಪಟ್ಟಿ ಬೇಡ ಸಾರ್. ನಾನ್ ನಿಂತಿದ್ನಲ್ಲ" ಎಂದು ಹಂಡೆಗೆ ಬೆನ್ನು ಕೊಟ್ಟು ನಿಂತ. ಕಾಲು ಎರಡು ಸಲ ಸರಿಸಿ ಜಾಗ ಸರಿಮಾಡಿಕೊಂಡ. ಕೈಯನ್ನು ಹಿಂದಕ್ಕೆ ಎತ್ತಿ, ನೋಡದೆಯೇ, ತನ್ನ ಬಲಗಿವಿಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದ. ಆಮೇಲೆ ಪಕ್ಕಕ್ಕೆ ಬಂದು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟ. "ಹೊಡಿ ಅಣ್ಣಾ. ಇದು ನಿಂದು."

ಹೊಸ ತಾಮ್ರ ಗಟ್ಟಿ. ಸಿಟ್ಟಿನಲ್ಲಿ ಒಂದೇ ಏಟಿಗೆ ಆಗಿದ್ದದ್ದಕ್ಕೆ ಈಗ ಒಂಬತ್ತು ಏಟು ಬೇಕಾಯಿತು. ಒಂಬತ್ತನ್ನೂ ಅವನು ಪಕ್ಕದಲ್ಲಿ ನಿಂತು ನೋಡಿದ. ನಡುವೆ ಒಮ್ಮೆ, "ಮಣಿಕಟ್ಟು ಸಡಿಲ ಬಿಡು, ಕೈ ನೋಯುತ್ತೆ" ಅಂದ.

ರಿಚಿಯವರು ಎರಡು ದಿನ ಯೋಚಿಸಿ ತೀರ್ಮಾನ ಹೇಳಿದರು. ಹೊಸ ಹಂಡೆಯ ಮೊದಲ ಇಳಿಸುವಿಕೆ ನನ್ನ ಕೈಯಲ್ಲೇ ಆಗಬೇಕು, ಬೇರೆ ಯಾರಿಗೂ ಅದರ ಅಂದಾಜಿಲ್ಲ. ಅದಾದ ಮೇಲೆ ನಾನು ಮೇಸ್ತ್ರಿಯಲ್ಲ. ಮೊಳಕೆ ಬಾರ್ಲಿ ತಿರುವುವ ನೆಲಕ್ಕೆ ಹೋಗಬೇಕು. ಮನೆ ಸದ್ಯಕ್ಕೆ ಇರುತ್ತದೆ. ಇದು ನನಗೆ ಕಡಿಮೆಯೇ ಆಯಿತು ಎಂದು ಹೇಳಿದೆ. ಮೊರಾಗ್ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೆ ಅವನನ್ನು ತಾನೇ ಹಡಗಿಗೆ ಹೋಗಿ ಊಟಕ್ಕೆ ಕರೆತಂದಳು. ಆಲೂಗಡ್ಡೆ, ಉಪ್ಪುಮೀನು. ಅವನು ಎರಡು ಸಲ ಹಾಕಿಸಿಕೊಂಡ.

ಅಮ್ಮನ ಸಮಾಧಿಗೆ ಒಬ್ಬನೇ ಹೋಗಿಬಂದ. ಏನು ಹೇಳಿಕೊಂಡನೋ ನಾನು ಕೇಳಲಿಲ್ಲ.

ನಿನ್ನೆ ಹೊರಟ. ಉಳಿದುಕೋ ಎಂದು ಕೇಳುವ ಬಾಯಿ ನನಗಿರಲಿಲ್ಲ. ಕ್ಷಮಿಸಿದೆ ಎಂದು ಅವನೂ ಹೇಳಲಿಲ್ಲ. ಹಡಗಿನ ಹಲಗೆ ಹತ್ತುವಾಗ ತಿರುಗಿ ನಿಂತು, "ಗೆಡ್ಡೆಸ್‌ಗೆ ಕಾಗದ ಚೆನ್ನಾಗ್ ಬರೀತೀಯಂತೆ" ಅಂದ. "ಏನೋ, ಬರೀತೀನಿ" ಅಂದೆ. "ಇನ್ಮೇಲೆ ನನಗೆ ಬರಿ" ಎಂದು ಒಳಗೆ ಹೋದ.

ಬೆಳಗಿನಿಂದ ಕೂತಿದ್ದೇನೆ. ಅವನಿಗೆ ಬರೆಯಲು ಬಾರದೆ ನಿಮಗೆ ಬರೆದೆ.

ನಿಮ್ಮ,
ಲಾಖ್ಲನ್


ಆರ್ಡ್‌ನಮೋನ್
೬ ಸೆಪ್ಟೆಂಬರ್ ೧೯೬೫

ಫಿನ್ಲೆಗೆ,

ಮೊನ್ನೆ ಹೊಸ ಹಂಡೆಗೆ ಮೊದಲ ಬೆಂಕಿ ಹಾಕಿದೆವು. ಹಿಡಿ ತಿರುಗಿಸಿದ್ದು ನಾನು. ನಾಳೆಯಿಂದ ಬಾರ್ಲಿ ನೆಲದ ಕೆಲಸ.

ರುಚಿ ಹಳೆಯದರ ಹಾಗೇ ಇದೆ ಎಂದು ಡೂಗಿ, ಇಲ್ಲ ಎಂದು ರಿಚಿಯವರು. ಹತ್ತು ವರ್ಷ ಪೀಪಾಯಿಯಲ್ಲಿದ್ದು ಬರಲಿ, ಆಮೇಲೆ ಜಗಳಾಡೋಣ ಎಂದೆ. ಇದರ ಜೊತೆ ಒಂದು ಸಣ್ಣ ಸೀಸೆ ಕಳಿಸಿದ್ದೇನೆ. ನಾನು ತುಂಬಿಸಿಕೊಳ್ಳುವಾಗ ಅಬಕಾರಿ ಅಧಿಕಾರಿ ಕಿಟಕಿಯ ಕಡೆ ಮುಖ ಮಾಡಿಕೊಂಡು ನಿಂತಿದ್ದರು.

ಕುಡಿಯಬೇಕಾಗಿಲ್ಲ. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ ಮೂಸಿ ನೋಡು. ಬಾಲ ಸೇರಿದೆ ಅನ್ನಿಸಿದರೆ ಹೇಳು. ಈ ಸಲ ಕೇಳುತ್ತೇನೆ.

ಅಣ್ಣ